ಬೀಡಿ ಬಿಡುವವರ ಜೊತೆ ಮೂವತ್ತು ವರ್ಷ

(ಸುವರ್ಣ ಮಹೋತ್ಸವದ ಎರಡನೆಯ ದಿನ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಸಮಿತಿಯವರು ನನಗೆ ಫೋನ್ ಮಾಡಿ, "ಸಿಸ್ಟರ್, ನೀವು ಆಸ್ಪತ್ರೆಯಲ್ಲಿ ಇದ್ದವರು, ಆರೋಗ್ಯದ ಬಗ್ಗೆ ಏನಾದರೂ ಹತ್ತು ನಿಮಿಷ ಮಾತಾಡಿ" ಎಂದರು. ಸಕ್ಕರೆ ಕಾಯಿಲೆ, ಬಿ.ಪಿ. ಬಗ್ಗೆ ಮಾತಾಡಬಹುದಿತ್ತು. ಆದರೆ ಈ ಸಂಚಿಕೆಗೆ ನಮ್ಮ ಬ್ಯಾಚಿನ ಹೆಸರುಗಳ ಪಟ್ಟಿ ಮಾಡುವ ಕೆಲಸ ನನಗೇ ಬಿತ್ತು. 1981ರಲ್ಲಿ ಎಸ್.ಎಸ್.ಎಲ್.ಸಿ. ಪರೀಕ್ಷೆಗೆ ಕೂತವರು ನಾವು ನಲವತ್ತೊಂದು ಜನ, ಅದರಲ್ಲಿ ಹುಡುಗಿಯರು ಒಂಬತ್ತು. ಇವತ್ತು ಏಳು ಹೆಸರುಗಳ ಮುಂದೆ 'ದಿವಂಗತ' ಎಂದು ಬರೆಯಬೇಕಾಯಿತು. ಏಳೂ ಹುಡುಗರೇ. ಎಲ್ಲರೂ ಬೀಡಿ ಸಿಗರೇಟಿನಿಂದಲೇ ಹೋದರು ಎಂದು ನಾನು ಹೇಳುವುದಿಲ್ಲ, ಒಬ್ಬ ಬಳ್ಳಾರಿ ರಸ್ತೆಯ ಅಪಘಾತದಲ್ಲಿ ಹೋದ. ಆದರೆ ಅವರಲ್ಲಿ ನಾಲ್ವರನ್ನು ಕೊನೆಯ ದಿನಗಳಲ್ಲಿ ನಾನು ಹಾಸಿಗೆಯ ಪಕ್ಕ ನಿಂತು ನೋಡಿದ್ದೇನೆ. ಆ ನಾಲ್ವರ ಜೇಬಿನಲ್ಲೂ ಬೆಂಕಿಪೊಟ್ಟಣ ಇರುತ್ತಿತ್ತು. ಹಾಗಾಗಿ ಇವತ್ತು ಇದೇ ವಿಷಯ. ಉಳಿದ ಹುಡುಗರಲ್ಲಿ ಕೆಲವರು ಈಗ ಶಾಮಿಯಾನದ ಹಿಂದೆ ನಿಂತಿದ್ದಾರೆ, ಯಾಕೆ ನಿಂತಿದ್ದಾರೆ ಎಂದು ನನಗೆ ಗೊತ್ತು. ಮೈಕು ಅಲ್ಲಿಗೂ ಕೇಳುತ್ತದೆ.

ನಾನು ಬೆಳೆದದ್ದು ಬೀಡಿಯ ವಾಸನೆಯಲ್ಲೇ. ನಮ್ಮಪ್ಪ ಯಲಹಂಕದ ಕಡೆಯ ದ್ರಾಕ್ಷಿ ತೋಟಗಳಲ್ಲಿ ಕೂಲಿ ಮಾಡುತ್ತಿದ್ದರು. ಆಗ ಈ ಸೀಮೆಯಲ್ಲೆಲ್ಲ ಬೆಂಗಳೂರು ನೀಲಿ ದ್ರಾಕ್ಷಿಯ ಚಪ್ಪರ. ಈಗ ಅಲ್ಲೆಲ್ಲ ಅಪಾರ್ಟ್‌ಮೆಂಟು. ಸಂಜೆ ಅಪ್ಪ ಬಂದರೆ ಮೊದಲು ಬೀಡಿ ವಾಸನೆ ಬರುತ್ತಿತ್ತು, ಆಮೇಲೆ ಅಪ್ಪ. ನಮಗೆ ಅದು ಕೆಟ್ಟ ವಾಸನೆ ಎಂದು ಅನಿಸಿರಲೇ ಇಲ್ಲ. ಅದು ಅಪ್ಪನ ವಾಸನೆ. ಯಶವಂತಪುರದ ಮಾರುಕಟ್ಟೆ ಯಾರ್ಡಿಗೆ ಲೋಡು ಹೋದಾಗ ಹಮಾಲಿಗಳು, ಚಾಲಕರು, ದಲ್ಲಾಳಿಗಳು ಎಲ್ಲರೂ ಒಂದೇ ಕಡ್ಡಿಯಲ್ಲಿ ಹಚ್ಚಿಕೊಳ್ಳುತ್ತಿದ್ದರು. ಬೆಂಕಿ ಕೇಳುವುದೇ ಒಂದು ಪರಿಚಯ. ಬಿಡಿಸುವ ಕೆಲಸಕ್ಕೆ ಹೊರಟವರು ಇದನ್ನು ಮರೆಯಬಾರದು. ಬೀಡಿ ಬಿಡುವವನು ಬರೀ ಹೊಗೆ ಬಿಡುವುದಿಲ್ಲ, ಜೊತೆಗೊಂದು ಗುಂಪನ್ನೂ ಬಿಡಬೇಕಾಗುತ್ತದೆ.

ನಮ್ಮ ಸೀಮೆಗೆ ತಂಬಾಕು ದೂರದ್ದೂ ಅಲ್ಲ. ಬ್ರಿಟಿಷರ ಕಾಲದಿಂದ ಪುಲಿಕೇಶಿನಗರದಲ್ಲಿದ್ದ ಐ.ಟಿ.ಸಿ. ಸಿಗರೇಟು ಕಾರ್ಖಾನೆ ಆಮೇಲೆ ಬಂದದ್ದು ನಮ್ಮ ಜಾಲ ಹೋಬಳಿಯ ಮೀನಕುಂಟೆಗೇ. ಹುಣಸೂರು, ಪಿರಿಯಾಪಟ್ಟಣಗಳಲ್ಲಿ ಸಾವಿರಾರು ರೈತರ ಸಂಸಾರ ಈ ಎಲೆಯ ಮೇಲೆ ನಡೆಯುತ್ತಿದೆ. ದುಡಿದು ತಿನ್ನುವವರನ್ನು ಬೈಯಲು ನಾನು ಇಲ್ಲಿ ನಿಂತಿಲ್ಲ. ನನ್ನ ಮಾತು ಸೇದುವವರ ಜೊತೆ.

"ಮನಸ್ಸು ಗಟ್ಟಿ ಮಾಡಿದರೆ ಒಂದೇ ದಿನಕ್ಕೆ ಬಿಡಬಹುದು" ಎಂದು ಸೇದದವರು ಹೇಳುತ್ತಾರೆ. ಈ ಮಾತು ನನಗೆ ಅಷ್ಟು ಹಿಡಿಸುವುದಿಲ್ಲ. ಹೊಗೆ ಎಳೆದ ಹತ್ತಿಪ್ಪತ್ತು ಸೆಕೆಂಡಿನಲ್ಲಿ ನಿಕೋಟಿನ್ ಮಿದುಳಿಗೆ ಮುಟ್ಟುತ್ತದೆ. ಅಲ್ಲಿ ಹಿತ ಕೊಡುವ ರಾಸಾಯನಿಕವನ್ನು ಹೊರಡಿಸುತ್ತದೆ. ಸುಮಾರು ಎರಡು ಗಂಟೆಯಲ್ಲಿ ರಕ್ತದಲ್ಲಿರುವ ನಿಕೋಟಿನ್ ಅರ್ಧಕ್ಕೆ ಇಳಿಯುತ್ತದೆ, ಮಿದುಳು ಮತ್ತೆ ಕೇಳುತ್ತದೆ. ರಾತ್ರಿಯೆಲ್ಲ ಮಲಗಿ ಎದ್ದಾಗ ಅದು ಬಹಳ ಕಡಿಮೆಯಾಗಿರುತ್ತದೆ. ಅದಕ್ಕೇ ವೈದ್ಯರು "ದಿನಕ್ಕೆ ಎಷ್ಟು ಸೇದುತ್ತೀಯ" ಎಂಬುದರ ಜೊತೆಗೆ "ಎದ್ದ ಎಷ್ಟು ಹೊತ್ತಿಗೆ ಮೊದಲನೆಯದು" ಎಂದೂ ಕೇಳುವುದು. ಐದು ನಿಮಿಷದೊಳಗೆ ಎಂದರೆ ಚಟ ಆಳಕ್ಕೆ ಇಳಿದಿದೆ ಎಂದರ್ಥ. ಚಟ ಹಿಡಿಸುವುದು ನಿಕೋಟಿನ್, ಆದರೆ ಶ್ವಾಸಕೋಶವನ್ನು ಕೊಲ್ಲುವುದು ಹೆಚ್ಚಾಗಿ ಅದರ ಜೊತೆ ಬರುವ ಟಾರು, ಕಾರ್ಬನ್ ಮಾನಾಕ್ಸೈಡು ಮತ್ತು ಸಾವಿರಾರು ಬೇರೆ ವಸ್ತುಗಳು. ಬೀಡಿ ಎಲೆಯದು, ಸಿಗರೇಟಿನಷ್ಟು ಕೆಟ್ಟದ್ದಲ್ಲ ಎಂಬ ನಂಬಿಕೆ ನಮ್ಮಲ್ಲಿದೆ. ಅದು ಸುಳ್ಳು. ತೂಬರೆ ಎಲೆಯೊಳಗೆ ಗಾಳಿ ಸರಿಯಾಗಿ ಆಡುವುದಿಲ್ಲ, ಬೀಡಿ ಆರಿಹೋಗದಂತೆ ಮತ್ತೆ ಮತ್ತೆ ಜೋರಾಗಿ ಎಳೆಯಬೇಕು. ಎದೆಗೆ ಹೋಗುವ ವಿಷ ಹೆಚ್ಚೇ.

ಹಾಗಾದರೆ ಬಿಡಲು ಆಗುವುದೇ ಇಲ್ಲವೇ? ಆಗುತ್ತದೆ ಎಂಬುದಕ್ಕೆ ಸಾಕ್ಷಿ ಪ್ರತಿ ವರ್ಷ ಕಾರ್ತಿಕ ಮುಗಿಯುವಾಗ ನಮ್ಮ ಊರಿನಲ್ಲೇ ಸಿಗುತ್ತದೆ. ಅಯ್ಯಪ್ಪ ಮಾಲೆ ಹಾಕಿದವರನ್ನು ನೋಡಿ. ದಿನಕ್ಕೆ ಎರಡು ಕಟ್ಟು ಸೇದುವ ಮನುಷ್ಯ ಕಪ್ಪು ಪಂಚೆ ಉಟ್ಟ ದಿನದಿಂದ ಬೀಡಿ ಮುಟ್ಟುವುದಿಲ್ಲ. ನಲವತ್ತೊಂದು ದಿನ! ನಮ್ಮ ವಾರ್ಡಿನ ವೈದ್ಯರೊಬ್ಬರು ಇದನ್ನು ಕೇಳಿ ಆಶ್ಚರ್ಯಪಟ್ಟಿದ್ದರು. ಯಾಕೆಂದರೆ ಬಿಟ್ಟ ಮೇಲೆ ದೇಹ ಅತಿ ಹೆಚ್ಚು ಗೋಳಾಡುವುದು ಎರಡು ಮೂರನೆಯ ದಿನ: ಸಿಟ್ಟು, ತಲೆನೋವು, ನಿದ್ದೆ ಬರದಿರುವುದು, ಮಲಬದ್ಧತೆ, ಕೈ ಏನನ್ನೋ ಹುಡುಕುವುದು. ಎರಡರಿಂದ ನಾಲ್ಕು ವಾರಗಳಲ್ಲಿ ಅದರ ಬಹುಭಾಗ ಇಳಿದುಹೋಗುತ್ತದೆ. ಅಂದರೆ ಶಬರಿಮಲೆ ಹತ್ತುವ ಹೊತ್ತಿಗೆ ಈ ಸ್ವಾಮಿಗಳ ದೇಹ ಕಷ್ಟದ ಭಾಗವನ್ನು ದಾಟಿ ಆಗಿರುತ್ತದೆ. ಆದರೆ ಮಾಲೆ ತೆಗೆದ ದಿನ, ಬಸ್‌ಸ್ಟ್ಯಾಂಡಿನಲ್ಲಿ ಟೀ ಕೈಗೆ ಬಂದ ತಕ್ಷಣ, ಮತ್ತೆ ಶುರು. ದೇಹ ಕೇಳಿದ್ದಕ್ಕಲ್ಲ, ಟೀ ಕೇಳಿದ್ದಕ್ಕೆ. ಸ್ವಾಮಿಗಳೇ, ನಿಮ್ಮ ವ್ರತ ಗೆದ್ದಿತ್ತು; ನಲವತ್ತೆರಡನೆಯ ದಿನಕ್ಕೆ ಮಾತ್ರ ನಿಮ್ಮ ಬಳಿ ಏನೂ ಏರ್ಪಾಡು ಇರಲಿಲ್ಲ.

ಆ ಏರ್ಪಾಡಿನ ಬಗ್ಗೆ ನನಗೆ ಕಲಿಸಿದ್ದು ನನ್ನ ಸಹಪಾಠಿಯೊಬ್ಬ. ಹೆಸರು ಹೇಳಬಾರದು ಎಂದು ಬೆಳಿಗ್ಗೆಯೇ ಆಣೆ ಹಾಕಿಸಿಕೊಂಡಿದ್ದಾನೆ. ಮೂರನೆಯ ಸಾಲಿನಲ್ಲಿ ಕೂತು ನಗುತ್ತಿದ್ದಾನೆ. ಲಾರಿ ಓಡಿಸುತ್ತಿದ್ದವನು, ಯಶವಂತಪುರದಿಂದ ಹುಬ್ಬಳ್ಳಿ, ದಾವಣಗೆರೆ. ಮೂರು ಸಲ ಬಿಟ್ಟ, ಮೂರು ಸಲ ಹಿಡಿದ. ಒಂದು ಸಲ ಮದುವೆಯಲ್ಲಿ, ಒಂದು ಸಲ ಅವರ ಮಾವನ ತಿಥಿಯಲ್ಲಿ, ಇನ್ನೊಂದು ಸಲ ಹೆಬ್ಬಾಳದ ಟ್ರಾಫಿಕ್ಕಿನಲ್ಲಿ. ನಾಲ್ಕನೆಯ ಸಲ ನನ್ನ ಮನೆಗೆ ಬಂದು, "ಅಕ್ಕಾ, ನನ್ನ ಹಣೇಲಿ ಬರೆದಿಲ್ಲ ಬಿಡು" ಎಂದ. ವಯಸ್ಸಿನಲ್ಲಿ ನನಗಿಂತ ಮೂರು ತಿಂಗಳು ದೊಡ್ಡವನು, ಆದರೂ ಅಕ್ಕ ಎನ್ನುತ್ತಾನೆ. ನಾನು ಹೇಳಿದೆ: "ನೀನು ಮೂರು ಸಲ ಬಿಟ್ಟಿದ್ದೀಯ ಕಣೋ. ಎಲ್ಲಿ ಜಾರುತ್ತೀಯ ಅಂತ ಈಗ ಗೊತ್ತಾಗಿದೆಯಲ್ಲ, ಅದನ್ನ ಬರಿ." ಬಹಳ ಜನ ಶಾಶ್ವತವಾಗಿ ಬಿಡುವ ಮುಂಚೆ ಹಲವು ಸಲ ಪ್ರಯತ್ನಿಸಿರುತ್ತಾರೆ, ಇದು ವಾರ್ಡಿನಲ್ಲಿ ನಾವು ದಿನವೂ ಕಂಡದ್ದು.

ಬರೆದ. ಟೀ, ಊಟ ಆದ ಮೇಲೆ, ಗಾಡಿ ನಿಲ್ಲಿಸಿದಾಗ, ಯಾರಾದರೂ ಬೈದಾಗ. ಒಂದು ತಿಂಗಳು ಟೀ ಬಿಟ್ಟು ಮಜ್ಜಿಗೆ ಹಿಡಿದ. ಜೇಬಿನಲ್ಲಿ ಬೀಡಿಯ ಜಾಗಕ್ಕೆ ಹುರಿಗಡಲೆ, ಲವಂಗ. ಒಂದು ದಿನಾಂಕ ಗೊತ್ತು ಮಾಡಿ ಹಿಂದಿನ ರಾತ್ರಿ ಬೆಂಕಿಪೊಟ್ಟಣವನ್ನೂ ಹೆಂಡತಿಯ ಕೈಗೆ ಕೊಟ್ಟ. ಆಸೆ ಎದ್ದರೆ ಅದು ಕೆಲವೇ ನಿಮಿಷ ಇರುತ್ತದೆ, ಸೇದಿದರೂ ಹೋಗುತ್ತದೆ, ಸೇದದಿದ್ದರೂ ಹೋಗುತ್ತದೆ ಎಂದು ಹೇಳಿದ್ದೆ. ಮೂರನೆಯ ದಿನ ರಾತ್ರಿ ಹನ್ನೊಂದಕ್ಕೆ ಫೋನ್. "ಅಕ್ಕಾ, ಹೆಂಡ್ತಿ ಮೇಲೆ ಸುಮ್ಸುಮ್ನೆ ರೇಗ್ಬಿಟ್ಟೆ. ಒಂದೇ ಒಂದು ಎಳೆದ್ಬಿಡ್ಲಾ?" ಹಿಂದಿನಿಂದ ಅವನ ಹೆಂಡತಿಯ ದನಿ: "ಬೇಡ ಸಿಸ್ಟರ್, ಬೈದ್ರೆ ಬೈಯ್ಲಿ, ನಾನು ತಡ್ಕೋತೀನಿ, ಸೇದೋದು ಬೇಡ!" ಹನ್ನೊಂದು ವರ್ಷವಾಯಿತು. ಆ ಹೆಣ್ಣುಮಗಳಿಗೂ ಇವತ್ತು ಒಂದು ಶಾಲು ಹೊದಿಸಬೇಕಿತ್ತು ಎಂದು ನನ್ನ ಅಭಿಪ್ರಾಯ.

ಎಲ್ಲರಿಗೂ ಹುರಿಗಡಲೆ ಸಾಲುವುದಿಲ್ಲ. ನಿಕೋಟಿನ್ ಚೂಯಿಂಗ್ ಗಮ್ ಔಷಧಿ ಅಂಗಡಿಯಲ್ಲಿ ಸಿಗುತ್ತದೆ, ವೈದ್ಯರನ್ನು ಕೇಳಿ ತೆಗೆದುಕೊಳ್ಳಿ. ಅದನ್ನು ಮಕ್ಕಳ ಚೂಯಿಂಗ್ ಗಮ್ಮಿನಂತೆ ಜಗಿದರೆ ಹೊಟ್ಟೆ ತೊಳಸುತ್ತದೆ, ಬಿಕ್ಕಳಿಕೆ ಬರುತ್ತದೆ. ನಿಧಾನವಾಗಿ ಜಗಿದು, ನಾಲಿಗೆಗೆ ಚುರುಗುಟ್ಟಿದಾಗ ದವಡೆ ಕೆನ್ನೆಯ ನಡುವೆ ಇಟ್ಟುಕೊಂಡು, ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಜಗಿಯಬೇಕು. ಅದಕ್ಕೆ ಮುಂಚೆ ಕಾಲು ಗಂಟೆ ಕಾಫಿ ಟೀ ಕುಡಿಯಬಾರದು. ಮಾತ್ರೆಗಳೂ ಇವೆ, ಅವು ವೈದ್ಯರ ಚೀಟಿಯ ಮೇಲೆ ಮಾತ್ರ. ಇನ್ನೊಂದು, ಪುಕ್ಕಟೆಯದು: 1800-11-2356. ಇದು ತಂಬಾಕು ಬಿಡಿಸಲು ಸರ್ಕಾರ ಇಟ್ಟಿರುವ ಸಹಾಯವಾಣಿ, ನಮ್ಮ ನಿಮ್ಹಾನ್ಸ್‌ನಲ್ಲೂ ಇದರ ಕೇಂದ್ರವಿದೆ. ಕನ್ನಡದಲ್ಲೇ ಮಾತಾಡುತ್ತಾರೆ. ನಂಬರ್ ಬರೆದುಕೊಳ್ಳಲು ಪೆನ್ ಇಲ್ಲದಿದ್ದರೆ ಚಿಂತೆಯಿಲ್ಲ, ನಿಮ್ಮ ಜೇಬಿನಲ್ಲಿರುವ ಪ್ಯಾಕಿನ ಮೇಲೆಯೇ 2018ರಿಂದ ಅಚ್ಚಾಗಿದೆ. ಆ ಚಿತ್ರದ ಕೆಳಗೆ ನೋಡಿ. ಚಿತ್ರಕ್ಕೂ ಒಂದು ಕಥೆಯಿದೆ. ಪ್ಯಾಕಿನ ಶೇಕಡ 85 ಭಾಗ ಎಚ್ಚರಿಕೆ ಇರಬೇಕೆಂಬ ನಿಯಮ 2016ರ ಏಪ್ರಿಲ್‌ನಲ್ಲಿ ಜಾರಿಗೆ ಬಂತು. 2017ರ ಡಿಸೆಂಬರ್‌ನಲ್ಲಿ ಅದನ್ನು ನಮ್ಮ ಹೈಕೋರ್ಟ್ ರದ್ದು ಮಾಡಿತು, ಮುಂದಿನ ತಿಂಗಳೇ ಸುಪ್ರೀಂ ಕೋರ್ಟ್ ಆ ತೀರ್ಪಿಗೆ ತಡೆ ಕೊಟ್ಟಿತು.

"ಪೂರ್ತಿ ಬಿಡಲ್ಲ, ಕಡಿಮೆ ಮಾಡ್ತೀನಿ" ಎನ್ನುವವರಿಗೆ ಒಂದು ಮಾತು. ಹತ್ತರಿಂದ ಐದಕ್ಕೆ ಇಳಿದವರು ಆ ಐದನ್ನೇ ಬೆರಳು ಸುಡುವವರೆಗೆ ಎಳೆಯುವುದನ್ನು ನಾನು ನೋಡಿದ್ದೇನೆ. ಲೆಕ್ಕ ಕಡಿಮೆಯಾಗುತ್ತದೆ, ಹೊಗೆ ಅಷ್ಟು ಕಡಿಮೆಯಾಗುವುದಿಲ್ಲ.

ಇನ್ನು ನನ್ನ ವಯಸ್ಸಿನವರ ನೆಪ: "ಈ ವಯಸ್ಸಲ್ಲಿ ಬಿಟ್ಟು ಏನು ಪ್ರಯೋಜನ?" ಇಂಗ್ಲೆಂಡಿನಲ್ಲಿ ರಿಚರ್ಡ್ ಡಾಲ್ ಎಂಬ ವಿಜ್ಞಾನಿ 1951ರಿಂದ ಐವತ್ತು ವರ್ಷ, 34 ಸಾವಿರಕ್ಕೂ ಹೆಚ್ಚು ವೈದ್ಯರ ಬದುಕನ್ನು ಲೆಕ್ಕ ಇಟ್ಟರು. ವೈದ್ಯರೇ ಸೇದುತ್ತಿದ್ದ ಕಾಲ ಅದು. 2004ರಲ್ಲಿ ಬಂದ ಫಲಿತಾಂಶ ಇದು: ಕೊನೆಯವರೆಗೆ ಸೇದಿದವರು ಸರಾಸರಿ ಹತ್ತು ವರ್ಷ ಮುಂಚೆ ಸತ್ತರು. ಮೂವತ್ತಕ್ಕೆ ಬಿಟ್ಟವರಿಗೆ ಆ ಹತ್ತೂ ವರ್ಷ ವಾಪಸ್ಸು ಬಂತು. ನಲವತ್ತಕ್ಕೆ ಬಿಟ್ಟವರಿಗೆ ಒಂಬತ್ತು, ಐವತ್ತಕ್ಕೆ ಆರು, ಅರವತ್ತಕ್ಕೆ ಬಿಟ್ಟವರಿಗೂ ಮೂರು ವರ್ಷ. ಈ ಮೈದಾನದಲ್ಲಿ ಆ ನಾಲ್ಕೂ ವಯಸ್ಸಿನವರು ಇದ್ದೀರಿ, ನಿಮ್ಮ ನಿಮ್ಮ ಲೆಕ್ಕ ನೋಡಿಕೊಳ್ಳಿ.

ನಮ್ಮಪ್ಪ ಬಿಟ್ಟದ್ದು ಐವತ್ತೆಂಟಕ್ಕೆ. ಉಬ್ಬಸ ಹೋಗಲಿಲ್ಲ, ಹಾಳಾದ ಶ್ವಾಸಕೋಶ ಪೂರ್ತಿ ಮರಳುವುದಿಲ್ಲ. ಆದರೆ ಹಾಳಾಗುವ ವೇಗ ತಗ್ಗಿತು. ಎಪ್ಪತ್ತಾರರವರೆಗೆ ಇದ್ದರು. ನನ್ನ ಮಗಳನ್ನು ಇದೇ ಶಾಲೆಯ ಗೇಟಿನವರೆಗೆ ನಿಧಾನವಾಗಿ, ಎರಡು ಕಡೆ ಕೂತು ಸುಧಾರಿಸಿಕೊಂಡು, ಆದರೆ ನಡೆದೇ ಕರೆದುಕೊಂಡು ಬರುತ್ತಿದ್ದರು. ನನ್ನ ಮಗಳಿಗೆ ತಾತನ ವಾಸನೆ ಎಂದರೆ ವಿಭೂತಿ ಮತ್ತು ವಿಕ್ಸ್. ಬೀಡಿ ಅವಳಿಗೆ ಗೊತ್ತೇ ಇಲ್ಲ.

ಹೆಂಗಸರು ಇದು ಗಂಡಸರ ವಿಷಯ ಎಂದು ಕೂತಿದ್ದೀರಿ. 2016-17ರ ಸರ್ಕಾರಿ ಸಮೀಕ್ಷೆಯ ಪ್ರಕಾರ ಕರ್ನಾಟಕದ ವಯಸ್ಕರಲ್ಲಿ ಸೇದುವವರು ಶೇಕಡ 9ಕ್ಕಿಂತ ಸ್ವಲ್ಪ ಕಡಿಮೆ, ಜಗಿಯುವವರು ಶೇಕಡ 16ಕ್ಕಿಂತ ಹೆಚ್ಚು. ಎಲೆ ಅಡಿಕೆಯ ಜೊತೆ ಸೆರಗಿನ ಗಂಟಿನಲ್ಲಿರುವ ಹೊಗೆಸೊಪ್ಪಿನಲ್ಲೂ ಅದೇ ನಿಕೋಟಿನ್. ಬಾಯಿಯಲ್ಲಿ ಬಿಳಿ ಮಚ್ಚೆ, ವಾಸಿಯಾಗದ ಹುಣ್ಣು, ಬಾಯಿ ಪೂರ್ತಿ ತೆರೆಯಲು ಆಗದಿರುವುದು, ಇವು ಕಂಡರೆ ದಯವಿಟ್ಟು ದಂತವೈದ್ಯರಿಗೆ ತೋರಿಸಿ. ಹೆಚ್ಚು ಹೇಳಲು ಸಮಯವಿಲ್ಲ, ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ.

ಕೊನೆಗೆ ಮಕ್ಕಳ ವಿಷಯ, ಆದರೆ ಹೇಳುವುದು ದೊಡ್ಡವರಿಗೆ. "ಓಡ್ಹೋಗಿ ಒಂದು ಕಟ್ಟು ಬೀಡಿ ತಗೊಂಬಾ" ಎಂದು ಮಗನ ಕೈಗೆ ದುಡ್ಡು ಕೊಡುವುದು ನಮ್ಮಲ್ಲಿ ತಪ್ಪು ಎಂದೇ ಯಾರಿಗೂ ಅನಿಸುವುದಿಲ್ಲ. 2025ರ ಮೇ ತಿಂಗಳಿಂದ ನಮ್ಮ ರಾಜ್ಯದಲ್ಲಿ ಇಪ್ಪತ್ತೊಂದು ವರ್ಷ ತುಂಬದವರಿಗೆ ತಂಬಾಕು ಮಾರುವಂತಿಲ್ಲ, ಶಾಲೆಯಿಂದ ನೂರು ಮೀಟರ್ ಒಳಗೆ ಮಾರುವಂತಿಲ್ಲ, ಬಿಡಿ ಸಿಗರೇಟು ಮಾರುವಂತಿಲ್ಲ. ಸಾರ್ವಜನಿಕ ಸ್ಥಳದಲ್ಲಿ ಸೇದಿದರೆ ಇನ್ನೂರು ಇದ್ದ ದಂಡ ಸಾವಿರಕ್ಕೆ ಏರಿದೆ. ಮಗುವಿಗೆ ತಂಬಾಕು ಕೊಟ್ಟವರಿಗೆ 2015ರ ಬಾಲನ್ಯಾಯ ಕಾಯ್ದೆಯಲ್ಲಿ ಏಳು ವರ್ಷದವರೆಗೆ ಶಿಕ್ಷೆಯಿದೆ. ಬಿಡಿ ಸಿಗರೇಟಿನ ನಿಷೇಧ ಹುಡುಗರಿಗಾಗಿಯೇ ಎನ್ನಿ, ಅವರ ಬಳಿ ಪ್ಯಾಕಿಗೆ ದುಡ್ಡು ಇರುವುದಿಲ್ಲ, ಒಂದಕ್ಕೆ ಇರುತ್ತದೆ. ನಾನು ನಿನ್ನೆ ಸಂಜೆ ನಮ್ಮ ಗೇಟಿನಿಂದ ಹೆಜ್ಜೆ ಹಾಕಿ ಅಳೆದೆ. ಮೊದಲ ಅಂಗಡಿ ಅರವತ್ತು ಹೆಜ್ಜೆ. ಅಂಗಡಿಯಾತ ನಮ್ಮ ಹುಡುಗನೇ, ಇದೇ ಶಾಲೆಯ ವಿದ್ಯಾರ್ಥಿ. ಅವನ ಮೇಲೆ ದೂರು ಕೊಡುವ ಮುಂಚೆ ಸಮಿತಿಯವರು, ಹಳೆಯ ವಿದ್ಯಾರ್ಥಿಗಳು ಕೂತು ಮಾತಾಡಿ. ಆ ಸ್ಟ್ಯಾಂಡ್ ತೆಗೆದರೆ ದಿನಕ್ಕೆ ಎಷ್ಟು ನಷ್ಟ ಎಂದು ಅವನು ನನಗೆ ಲೆಕ್ಕ ಕೊಟ್ಟಿದ್ದಾನೆ. ಹೈಸ್ಕೂಲಿನ ನೋಟ್‌ಬುಕ್ಕು, ಪೆನ್ನು, ಜಿರಾಕ್ಸ್ ವ್ಯಾಪಾರವನ್ನು ಅವನಿಗೇ ಕೊಟ್ಟರೆ ಅದು ತುಂಬಿಬರುತ್ತದೆ ಎಂದೂ ಅವನೇ ಹೇಳಿದ. ನನಗೆ ನ್ಯಾಯವಾದ ಮಾತು ಎನಿಸಿತು.

ಇವತ್ತು ಊಟವಾದ ಮೇಲೆ ನಾನು ಹಳೆಯ ಎಂಟನೆಯ ತರಗತಿ 'ಬಿ' ಕೋಣೆಯಲ್ಲಿ ನಾಲ್ಕು ಗಂಟೆಯವರೆಗೆ ಕೂತಿರುತ್ತೇನೆ. ಬಿಡಬೇಕು ಎಂದಿರುವವರು, ಬಿಟ್ಟು ಮತ್ತೆ ಹಿಡಿದವರು ಬನ್ನಿ. ಮೂರನೆಯ ಸಾಲಿನ ಆ ಲಾರಿ ಡ್ರೈವರ್ ಕೂಡ ಜೊತೆಗಿರುತ್ತೇನೆ ಎಂದು ಒಪ್ಪಿಕೊಂಡಿದ್ದಾನೆ. ಯಾರೂ ನೋಡಬಾರದು ಎನ್ನುವವರು ಹಿಂದಿನ ಬಾಗಿಲಿನಿಂದ ಬನ್ನಿ. ಅದರ ಚಿಲಕ ನಮ್ಮ ಕಾಲದಲ್ಲೂ ಬೀಳುತ್ತಿರಲಿಲ್ಲ, ಈಗಲೂ ಬೀಳುವುದಿಲ್ಲ, ಬೆಳಿಗ್ಗೆ ನೋಡಿಕೊಂಡು ಬಂದಿದ್ದೇನೆ.