ರೊಟ್ಟಿ ಬಿಡುವ ಮೊದಲು ಗುಳಿಗೆ ನೋಡಿ
(ದಂಡೋತಿಯಲ್ಲಿ ಮಾಡಿದ ಉಪನ್ಯಾಸ)

 

ನಾನು ವೈದ್ಯನಲ್ಲ. ಸರಕಾರದ ಎಂಜಿನಿಯರ್ ಆಗಿ ಲೆಕ್ಕ ಹಾಕುತ್ತ ನಿವೃತ್ತನಾದವನು. ಇಂದು ಊಟದ ಲೆಕ್ಕವೊಂದನ್ನು ಹೇಳುತ್ತೇನೆ. ಚಿತ್ತಾಪುರ, ಸೇಡಂ ಕಡೆಗೂ ಈಗ ‘ಕೀಟೊ’ ಬಂದಿದೆ. ಮೊಬೈಲ್ ನೋಡಿ ರೊಟ್ಟಿ, ಅನ್ನ ಬಿಟ್ಟು ತುಪ್ಪ, ಬೆಣ್ಣೆ, ಪನೀರ್ ಹಿಡಿದವರಿದ್ದಾರೆ. ಅವರಲ್ಲಿ ಸಕ್ಕರೆ ಕಾಯಿಲೆಯ ಗುಳಿಗೆ ನುಂಗುವವರೂ ಇದ್ದಾರೆ. ನನ್ನ ಚಿಂತೆ ಅವರದು.

ಕೀಟೊ ತೂಕ ಇಳಿಸಲೆಂದು ಹುಟ್ಟಿದ್ದಲ್ಲ. ಉಪವಾಸವಿದ್ದಾಗ ಮೂರ್ಛೆರೋಗದ ಫಿಟ್ಸ್ ಕಡಿಮೆಯಾಗುವುದನ್ನು ವೈದ್ಯರು ಕಂಡಿದ್ದರು. ಆದರೆ ಎಷ್ಟು ದಿನ ಉಪವಾಸ ಇರಲಾದೀತು? ಉಣ್ಣುತ್ತಲೇ ದೇಹವನ್ನು ಉಪವಾಸದ ಸ್ಥಿತಿಯಲ್ಲಿಡುವ ಉಪಾಯವನ್ನು 1921ರಲ್ಲಿ ಅಮೆರಿಕದ ಮೇಯೊ ಕ್ಲಿನಿಕ್‌ನ ರಸೆಲ್ ವೈಲ್ಡರ್ ಸೂಚಿಸಿದರು. ಪಿಷ್ಟ, ಸಕ್ಕರೆ ಸಿಗದಿದ್ದಾಗ ಯಕೃತ್ತು ಕೊಬ್ಬಿನಿಂದ ಕೀಟೋನ್ ತಯಾರಿಸುತ್ತದೆ. ಮಿದುಳಿಗೆ ಅದೇ ಉರುವಲು. ಔಷಧಿಗೆ ಬಗ್ಗದ ಮಕ್ಕಳ ಮೂರ್ಛೆರೋಗಕ್ಕೆ ಇಂದಿಗೂ ಇದು ಚಿಕಿತ್ಸೆ. ದೆಹಲಿಯ ಏಮ್ಸ್ ವೈದ್ಯರು ಇದರ ಸಡಿಲ ರೂಪವನ್ನು ಅಂಥ ಮಕ್ಕಳಿಗೆ ಕೊಟ್ಟು ನೋಡಿದರು. 2013ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಮೂರು ತಿಂಗಳಿಗೆ ಸುಮಾರು ಅರ್ಧದಷ್ಟು ಮಕ್ಕಳ ಫಿಟ್ಸ್ ಅರ್ಧಕ್ಕಿಂತ ಕೆಳಗಿಳಿದಿದ್ದವು. ದೆವ್ವದ ಕಾಟವೆಂದು ಮಗುವಿಗೆ ದಾರ ಕಟ್ಟಿಸುವ ಮನೆಗಳಿಗೆ ಈ ಸುದ್ದಿ ಮುಟ್ಟಬೇಕು.

ಇನ್ನು ನಮ್ಮ ತಾಟು. ಕೀಟೊದಲ್ಲಿ ದಿನಕ್ಕೆ ಪಿಷ್ಟ ಸಾಮಾನ್ಯವಾಗಿ 20ರಿಂದ 50 ಗ್ರಾಂ. ನೂರು ಗ್ರಾಂ ಜೋಳದ ಹಿಟ್ಟಿನಲ್ಲೇ ಸುಮಾರು 70 ಗ್ರಾಂ ಇದೆ. ಎರಡು ರೊಟ್ಟಿಗೆ ದಿನದ ಲೆಕ್ಕ ಮುಗಿಯಿತು, ತೊಗರಿಬೇಳೆಗೂ ಜಾಗವಿಲ್ಲ. ಮಾಂಸ, ಮೊಟ್ಟೆ ಮುಟ್ಟದವರು ಬೇಳೆಯನ್ನೂ ಬಿಟ್ಟರೆ ಪ್ರೋಟೀನ್ ಎಲ್ಲಿಂದ ಬರಬೇಕು?

ಲಾಭ ಸುಳ್ಳಲ್ಲ. ರಕ್ತದ ಸಕ್ಕರೆ ಇಳಿಯುತ್ತದೆ. ತೂಕವೂ ಬೇಗ ಇಳಿಯುತ್ತದೆ, ಮೊದಲ ವಾರ ಹೋಗುವುದು ಹೆಚ್ಚಾಗಿ ನೀರೇ ಆದರೂ. ಆದರೆ ಕೆಲವರಿಗೆ ಕೆಟ್ಟ ಕೊಲೆಸ್ಟರಾಲ್ ಏರುತ್ತದೆ, ಮೂತ್ರಪಿಂಡದಲ್ಲಿ ಹರಳಾಗುತ್ತದೆ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ, ಹೊಲದಲ್ಲಿ, ಕಲ್ಲಿನ ಗಣಿಯಲ್ಲಿ ಬೆವರು ಸುರಿಸುವ ನಮ್ಮ ಭಾಗಕ್ಕೆ ಇದು ಸಣ್ಣ ಮಾತಲ್ಲ.

ದೊಡ್ಡ ಅಪಾಯ ಗುಳಿಗೆಯದು. ಗ್ಲಿಮೆಪಿರೈಡ್, ಇನ್ಸುಲಿನ್‌ಗಳ ಪ್ರಮಾಣವನ್ನು ನಾವು ದಿನಾ ಉಣ್ಣುವ ಊಟಕ್ಕೆ ಹೊಂದಿಸಿರುತ್ತಾರೆ. ರೊಟ್ಟಿ ನಿಂತು ಅವು ಹಾಗೆಯೇ ನಡೆದರೆ ಸಕ್ಕರೆ ಕುಸಿದು ಎಚ್ಚರ ತಪ್ಪಬಹುದು. ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಇನ್ನೊಂದು ಬಗೆ. ಇವುಗಳ ಜೊತೆ ಕೀಟೊ ಸೇರಿದರೆ ರಕ್ತ ಆಮ್ಲೀಯವಾಗಿ ಜೀವಕ್ಕೇ ಕುತ್ತು ಬರಬಹುದು. ಆಗ ಸಕ್ಕರೆಯ ಅಂಕಿ ಹೆಚ್ಚು ಏರಿರುವುದಿಲ್ಲ, ಹಾಗಾಗಿ ಮನೆಯವರಿಗೆ ಅನುಮಾನವೇ ಬಾರದು. ವಾಂತಿ, ಹೊಟ್ಟೆನೋವು, ಏದುಸಿರು ಕಂಡರೆ ತಡಮಾಡದೆ ದವಾಖಾನೆಗೆ ಹೋಗಿ, ಗುಳಿಗೆಯ ಹೆಸರನ್ನೂ ರೊಟ್ಟಿ ಬಿಟ್ಟದ್ದನ್ನೂ ಹೇಳಿ. ಗುಳಿಗೆಯನ್ನು ತಾವೇ ನಿಲ್ಲಿಸುವುದೂ ಬೇಡ.

ನಡುದಾರಿಯೂ ಇದೆ. ದೇಶದ 18,000ಕ್ಕೂ ಹೆಚ್ಚು ಜನರ ಊಟ ಪರಿಶೀಲಿಸಿದ ಐಸಿಎಂಆರ್-ಇಂಡಿಯಾಬ್ ಅಧ್ಯಯನ 2022ರಲ್ಲಿ ಪ್ರಕಟವಾಯಿತು. ಪಿಷ್ಟದ ಪಾಲನ್ನು ಸುಮಾರು ಅರ್ಧಕ್ಕೆ ಇಳಿಸಿ ಪ್ರೋಟೀನ್ ಹೆಚ್ಚಿಸಿದರೆ ಸಕ್ಕರೆ ಕಾಯಿಲೆ ಹತೋಟಿಗೆ ಬರಬಹುದೆಂಬುದು ಅದರ ಅಂದಾಜು. ನಮ್ಮ ಭಾಷೆಯಲ್ಲಿ ಹೇಳುವುದಾದರೆ, ಒಂದೆರಡು ರೊಟ್ಟಿ ಕಡಿಮೆ, ಬೇಳೆ, ಪುಂಡಿಪಲ್ಯ ಒಂದೊಂದು ಸೌಟು ಹೆಚ್ಚು. ಅನ್ನ, ಸಕ್ಕರೆ ಚಹಾಕ್ಕೆ ಕಡಿವಾಣ.

ಯಾರ ಜೇಬಿನಲ್ಲಾದರೂ ಡಾಕ್ಟರ ಚೀಟಿ ಇದ್ದರೆ ಪ್ರಸಾದಕ್ಕೆ ಕೂಡುವ ಮೊದಲು ನನಗೆ ತೋರಿಸಿ. ಗುಳಿಗೆಯ ಹೆಸರು ಓದಿ ಹೇಳುತ್ತೇನೆ. ಎಷ್ಟು ನುಂಗಬೇಕೆಂಬುದನ್ನು ಮಾತ್ರ ಡಾಕ್ಟರೇ ಹೇಳಬೇಕು.