ಸಹಪಾಠಿಗಳ ಲೆಕ್ಕ

(ಶ್ರೀಮಠದ ಮಹೋತ್ಸವದ ವಿದ್ಯಾರ್ಥಿಗೋಷ್ಠಿಯಲ್ಲಿ ಮಾಡಿದ ಉಪನ್ಯಾಸ)



ಮಹೋತ್ಸವವೆಂಬುದು ಒಂದು ವಿಧದಲ್ಲಿ ಲೆಕ್ಕದ ದಿವಸ. ಇಷ್ಟು ವರ್ಷಗಳಲ್ಲಿ ಎಷ್ಟು ಕಟ್ಟಡಗಳೆದ್ದವು, ಎಷ್ಟು ಶಾಲೆಗಳು ತೆರೆದವು, ದಾಸೋಹದ ಪಂಕ್ತಿಯಲ್ಲಿ ಎಷ್ಟು ಮಂದಿ ಕುಳಿತೆದ್ದರು ಎಂಬುದನ್ನು ಇಂಥ ಸಂದರ್ಭದಲ್ಲಿ ಎಣಿಸಿ ಸಂತೋಷಪಡುವುದು ಲೋಕರೂಢಿ. ಇವುಗಳಲ್ಲಿ ಕಟ್ಟಡಗಳ ಎಣಿಕೆ ಸುಲಭ. ಅವು ಕಟ್ಟಿದಲ್ಲಿಯೇ ನಿಂತಿರುತ್ತವೆ. ಮನುಷ್ಯರ ಮಾತು ಹಾಗಲ್ಲ. ಒಂದೇ ಬೆಂಚಿನ ಮೇಲೆ ಒತ್ತಿ ಕುಳಿತು, ಒಂದೇ ಪಾಠವನ್ನು ಕೇಳಿ, ಒಂದೇ ದೋತರದ ತುದಿಯಿಂದ ಮಸಿಯ ಕೈಯನ್ನು ಒರಸಿಕೊಂಡವರು, ಕಡೆಯ ಪರೀಕ್ಷೆಯ ಕಡೆಯ ಗಂಟೆ ಬಾರಿಸಿದೊಡನೆ ಹತ್ತು ದಿಕ್ಕಿಗೆ ಹೊರಟುಹೋಗುತ್ತಾರೆ. ಹಾಗೆ ಹೋದವರ ಲೆಕ್ಕವನ್ನು ಇಡತಕ್ಕವರು ಯಾರು? ಹೇಗೆ ಇಡಬೇಕು? ಈ ದಿನದ ವಿಷಯ ಇದೇ.

ಉದಾಹರಣೆಗಾಗಿ ಆರಿಸಿಕೊಂಡಿರುವುದು ಪಶ್ಚಿಮಘಟ್ಟದ ಕೆಳಗಿನ ಪುತ್ತೂರು, ಸುಳ್ಯ, ಕಡಬಗಳ ಸೀಮೆ. ಈ ಮಠದ ಸಭೆಯಲ್ಲಿ ಅಷ್ಟು ದೂರದ ಸೀಮೆಯ ಮಾತೇಕೆ ಎಂದು ಕೆಲವರಿಗೆ ತೋರಬಹುದು. ಆದರೆ ಆ ಸೀಮೆಗೂ ವೀರಶೈವ ಪರಂಪರೆಗೂ ಹಳೆಯ ನಂಟುಂಟು. ಕೊಡಗನ್ನಾಳಿದ ಹಾಲೇರಿಯ ಅರಸರು ಲಿಂಗಾಯತರು. ಪುತ್ತೂರು, ಅಮರಸುಳ್ಯಗಳು 1834ರ ವರೆಗೆ ಅವರ ಆಳ್ವಿಕೆಗೆ ಸೇರಿದ್ದವು. ಆ ವರ್ಷ ಇಂಗ್ಲಿಷ್ ಕಂಪೆನಿಯು ಕೊಡಗನ್ನು ವಶಪಡಿಸಿಕೊಂಡು, ಈ ಭಾಗಗಳನ್ನು ಕನ್ನಡ ಜಿಲ್ಲೆಗೆ ಸೇರಿಸಿತು. 1837ರಲ್ಲಿ ಅಲ್ಲಿಯ ರೈತರು ಕಲ್ಯಾಣಸ್ವಾಮಿಯೆಂಬ ಜಂಗಮನಾಮವನ್ನು ಮುಂದಿಟ್ಟುಕೊಂಡು, ಕೆದಂಬಾಡಿ ರಾಮಯ್ಯಗೌಡನೇ ಮೊದಲಾದವರ ನೇತೃತ್ವದಲ್ಲಿ ಮಂಗಳೂರಿನ ವರೆಗೆ ದಂಡೆತ್ತಿ ಹೋದರು. ಆ ದಂಡಿನಲ್ಲಿ ಹೋದವರ ಪಟ್ಟಿಯನ್ನು ಯಾರೂ ಬರೆದಿಡಲಿಲ್ಲ. ಮುಖಂಡರ ಕೆಲವು ಹೆಸರುಗಳು ಉಳಿದವು. ಮಿಕ್ಕವರು ಊರ ಮಾತಿನಲ್ಲಿ ಸ್ವಲ್ಪಕಾಲ ಬದುಕಿ ಮರೆಯಾದರು. ಲೆಕ್ಕವಿಡದಿದ್ದರೆ ಏನಾಗುತ್ತದೆಂಬುದಕ್ಕೆ ಇದೊಂದು ನಿದರ್ಶನ.

ಅದೇ ಸೀಮೆಯಲ್ಲಿ ಮುಂದೆ ವಿದ್ಯೆಯ ಕಾಲ ಬಂದಿತು. ಪುತ್ತೂರಿನ ಹೈಸ್ಕೂಲು 1916ರಲ್ಲಿ ಮೊದಲಾಯಿತು. ಬೆಳಗಾವಿಯಲ್ಲಿ ಲಿಂಗಾಯತ ಸಮಾಜದ ಏಳು ಮಂದಿ ತರುಣ ಅಧ್ಯಾಪಕರು ಕರ್ನಾಟಕ ಲಿಂಗಾಯತ ವಿದ್ಯಾಸಂಸ್ಥೆಗೆ ಅಸ್ತಿಭಾರ ಹಾಕಿದ ವರ್ಷವೂ ಅದೇ. ಪುತ್ತೂರಿನ ಕಾರ್ಯದ ಹಿಂದೆ ಇದ್ದವರು ಮೊಳಹಳ್ಳಿ ಶಿವರಾಯರು. 1914ರಲ್ಲಿ ಪುತ್ತೂರಿನಲ್ಲಿ ಜಿಲ್ಲಾ ಸಹಕಾರಿ ಬ್ಯಾಂಕನ್ನು ನೆಲೆಗೊಳಿಸಿ, ಆ ಜಿಲ್ಲೆಯ ಸಹಕಾರ ಚಳುವಳಿಯ ಪಿತಾಮಹರೆನಿಸಿಕೊಂಡವರೂ ಅವರೇ. ಸಾಲದ ಲೆಕ್ಕವನ್ನೂ ಶಾಲೆಯ ಲೆಕ್ಕವನ್ನೂ ಒಂದೇ ಶ್ರದ್ಧೆಯಿಂದ ನೋಡಿದ ಪುರುಷರು ಎಂದರೆ ಅತಿಶಯೋಕ್ತಿಯಾಗದು.

ಆ ಕಾಲದಲ್ಲಿ ಸುಳ್ಯವೂ ಕಡಬವೂ ಪುತ್ತೂರು ತಾಲೂಕಿನ ಒಳಗೇ ಇದ್ದವು. ಈಗ ಅವೆರಡೂ ಬೇರೆ ಬೇರೆ ತಾಲೂಕುಗಳಾಗಿವೆ. ಹೈಸ್ಕೂಲುಗಳು ವಿರಳ, ಮಲೆಯ ಹಳ್ಳಿಯ ಹುಡುಗನು ಓದಬೇಕಾದರೆ ಮನೆಯನ್ನು ಬಿಟ್ಟು ಹೊರಡಲೇಬೇಕು. ಮಳೆಗಾಲದಲ್ಲಿ ಕುಮಾರಧಾರೆ, ನೇತ್ರಾವತಿ, ಪಯಸ್ವಿನಿಗಳು ತುಂಬಿ ಹರಿಯುವಾಗ ತಿಂಗಳುಗಟ್ಟಲೆ ಊರಿನ ಮುಖ ಕಾಣುವಂತಿಲ್ಲ. ನೆಂಟರ ಮನೆಯ ಜಗಲಿ, ಹೋಟೆಲಿನ ಅಟ್ಟ, ದಯಾಳುಗಳಾದ ಗೃಹಸ್ಥರ ವಾರದ ಅನ್ನ, ಇವೇ ಅವನ ಆಶ್ರಯ. ಬಯಲುಸೀಮೆಯಲ್ಲಿ ಮಠಗಳ ಪ್ರಸಾದನಿಲಯಗಳು ಮಾಡಿದ ಕೆಲಸವನ್ನು ಅಲ್ಲಿ ಹತ್ತಾರು ಅಡಿಗೆಮನೆಗಳು ಹಂಚಿಕೊಂಡು ಮಾಡಿದವು. ಹಾಗೆ ಉಣಬಡಿಸಿದ ತಾಯಂದಿರ ಹೆಸರು ಯಾವ ದಾಖಲೆಯಲ್ಲಿಯೂ ಸಿಕ್ಕುವಂತಿಲ್ಲ. ಉಂಡವರು ಹೇಳಿದರೆ ಮಾತ್ರವೇ ತಿಳಿಯತಕ್ಕದ್ದು.

ಹೀಗಿರಲು 1939ರ ಸೆಪ್ಟೆಂಬರಿನಲ್ಲಿ ಮಹಾಯುದ್ಧವು ಆರಂಭವಾಯಿತು. ಯುರೋಪಿನ ಯುದ್ಧವು ಪುತ್ತೂರಿನ ತರಗತಿಗೆ ಬಂದ ದಾರಿ ಅನ್ನದ ದಾರಿ. 1942ರಲ್ಲಿ ಜಪಾನೀಯರು ರಂಗೂನನ್ನು ಹಿಡಿದ ಮೇಲೆ ಬರ್ಮಾದ ಅಕ್ಕಿ ಬರುವುದು ನಿಂತಿತು. ಹೊರಗಿನ ಅಕ್ಕಿಯನ್ನು ನಂಬಿದ್ದ ಪಡುಗರಾವಳಿಗೆ ಇದರಿಂದಾದ ಕಷ್ಟ ಅಷ್ಟಿಷ್ಟಲ್ಲ. ಅಕ್ಕಿ, ಸೀಮೆಎಣ್ಣೆ, ಬಟ್ಟೆ, ಕಾಗದ ಎಲ್ಲಕ್ಕೂ ಅಭಾವ. ಬಸ್ಸುಗಳು ಪೆಟ್ರೋಲಿಲ್ಲದೆ ಇದ್ದಿಲಿನ ಅನಿಲದಿಂದ ಓಡತೊಡಗಿದವು. ಮನೆಯವರಿಗೇ ಗಂಜಿ ಸಾಲದಿರುವಾಗ ಪರರ ಹುಡುಗನಿಗೆ ವಾರದ ಅನ್ನವಿಕ್ಕುವವರಾರು? ಆದಕಾರಣ ಎಷ್ಟೋ ಮಂದಿ ಬಾಲಕರು ಫಾರಮು ಮುಗಿಯುವ ಮುಂಚೆಯೇ ಗಂಟುಕಟ್ಟಿ ಮನೆಗೆ ನಡೆದರು. ಅದೇ ವರ್ಷದ ಆಗಸ್ಟಿನಲ್ಲಿ ಚಲೇಜಾವ್ ಚಳುವಳಿಯು ಹೊತ್ತಿಕೊಂಡಿತು. 1934ರಲ್ಲಿ ಮಹಾತ್ಮಾ ಗಾಂಧಿಯವರು ಕೊಡಗಿನಿಂದಿಳಿದು ಸುಳ್ಯ, ಪುತ್ತೂರುಗಳ ಮಾರ್ಗವಾಗಿ ಮಂಗಳೂರಿಗೆ ಹೋದಾಗ ಹಿರಿಯರ ಹೆಗಲೇರಿ ಅವರನ್ನು ಕಂಡ ಮಕ್ಕಳೇ ಈಗ ಮೇಲಿನ ಫಾರಮುಗಳ ತರುಣರಾಗಿದ್ದರು. ಅವರ ಮನಸ್ಸು ಪುಸ್ತಕದಲ್ಲಿ ನಿಲ್ಲದಿದ್ದುದು ಆಶ್ಚರ್ಯವಲ್ಲ.

ಆ ಕಾಲದ ಮನಃಸ್ಥಿತಿಯನ್ನು ತಿಳಿಯಬೇಕೆನ್ನುವವರು ಪುತ್ತೂರಿನಲ್ಲಿಯೇ ನೆಲೆಸಿದ್ದ ಶಿವರಾಮ ಕಾರಂತರ ‘ಬೆಟ್ಟದ ಜೀವ’ವನ್ನು ಓದಬೇಕು. ಯುದ್ಧದ ನಡುವೆ, 1943ರಲ್ಲಿ ಪ್ರಕಟವಾದ ಆ ಕಾದಂಬರಿಯ ನೆಲ ಸುಬ್ರಹ್ಮಣ್ಯದ ಸುತ್ತಣ ಕಾಡುಸೀಮೆ. ಗೋಪಾಲಯ್ಯ, ಶಂಕರಿಯರೆಂಬ ವೃದ್ಧದಂಪತಿಗಳು ಕಾಡನ್ನು ಕಡಿದು ತೋಟ ಮಾಡಿದ್ದಾರೆ. ಮನೆ ತುಂಬ ಧಾನ್ಯವಿದೆ. ಆದರೆ ಓದಲು ಹೋದ ಮಗನು ದೇಶದ ಚಳುವಳಿಯಲ್ಲಿ ಸೇರಿ ಮತ್ತೆ ಮನೆಗೆ ಬಂದಿಲ್ಲ. ಬಂದ ಅತಿಥಿಯ ಮುಖದಲ್ಲೆಲ್ಲ ಆ ಮುದುಕರು ಮಗನ ಸುದ್ದಿಯನ್ನೇ ಅರಸುತ್ತಾರೆ. ಹೋದವನ ಸುಳಿವನ್ನು ಇಟ್ಟುಕೊಳ್ಳುವುದು ಬರಿಯ ಕುತೂಹಲವಲ್ಲ, ಯಾರದೋ ಮನೆಯ ಹೊಸ್ತಿಲಿನಲ್ಲಿ ಕಾಯುತ್ತಿರುವ ಕಣ್ಣುಗಳಿಗೆ ಸಲ್ಲಬೇಕಾದ ಋಣ ಎಂಬುದು ಆ ಕಥೆಯಿಂದ ಮನಗಾಣುತ್ತದೆ. ತಂದೆತಾಯಿಗಳಿಗೆ ತಿಳಿಯದ ಸಂಗತಿಯು ಪಕ್ಕದ ಬೆಂಚಿನವನಿಗೆ ತಿಳಿದಿರುವುದುಂಟಷ್ಟೆ.

ಪರೀಕ್ಷೆಯನ್ನು ಮುಗಿಸಿದವರಾದರೂ ಎಲ್ಲಿಗೆ ಹೋದರು? ಕೆಲವರು ಮಂಗಳೂರಿನ ಕಾಲೇಜಿಗೆ, ಕೆಲವರು ಮದರಾಸಿಗೆ, ಮೈಸೂರಿಗೆ, ಬಹುಮಂದಿ ಮುಂಬಯಿಗೆ. ಅಲ್ಲಿ ಹಗಲು ಹೋಟೆಲಿನಲ್ಲಿಯೋ ಆಫೀಸಿನಲ್ಲಿಯೋ ದುಡಿದು, ಇರುಳು ಕನ್ನಡಿಗರ ರಾತ್ರಿಶಾಲೆಗಳಲ್ಲಿ ಓದನ್ನು ಮುಂದುವರಿಸಿದವರುಂಟು. ಸೈನ್ಯವನ್ನು ಸೇರಿದವರುಂಟು. ಮನೆಯಲ್ಲಿಯೇ ನಿಂತು ಅಡಿಕೆ, ತೆಂಗು, ಕರಿಮೆಣಸುಗಳನ್ನು ಬೆಳೆದವರುಂಟು. 1973ರಲ್ಲಿ ಅಡಿಕೆ ಬೆಳೆಗಾರರು ಕ್ಯಾಂಪ್ಕೋ ಸಹಕಾರ ಸಂಸ್ಥೆಯನ್ನು ಕಟ್ಟಿಕೊಂಡಾಗ ಈ ತಲೆಮಾರಿನವರಿಗೆ ನಡುಪ್ರಾಯ. ಇದಲ್ಲದೆ 1956ರ ನವೆಂಬರ್ 1ರಂದು ಮತ್ತೊಂದು ಗೆರೆ ಬಿದ್ದಿತು. ಅದುವರೆಗೆ ಒಂದೇ ಜಿಲ್ಲೆಯ ನೆರೆಯ ತಾಲೂಕಾಗಿದ್ದ ಕಾಸರಗೋಡು ಕೇರಳಕ್ಕೆ ಸೇರಿತು. ಪುತ್ತೂರು ಮೈಸೂರು ರಾಜ್ಯಕ್ಕೆ ಬಂದಿತು. ಒಂದೇ ತರಗತಿಯಲ್ಲಿ ಓದಿದವರು ಮನೆಯಿಂದ ಕದಲದೆಯೇ ಎರಡು ರಾಜ್ಯಗಳ ಪ್ರಜೆಗಳಾದರು.

ಇಂಥವರನ್ನು ಹುಡುಕಲು ಹೊರಟವನಿಗೆ ಮೊದಲು ಸಿಕ್ಕುವ ಆಧಾರ ಶಾಲೆಯ ದಾಖಲಾತಿಪುಸ್ತಕ. ಹೆಸರು, ತಂದೆಯ ಹೆಸರು, ಊರು, ಹುಟ್ಟಿದ ತಾರೀಖು, ಸೇರಿದ ದಿನ, ಬಿಟ್ಟ ದಿನ, ಇಷ್ಟು ಅದರಲ್ಲಿರುತ್ತದೆ. ಆದರೆ ಅದನ್ನು ಕಣ್ಣುಮುಚ್ಚಿ ನಂಬುವಂತಿಲ್ಲ. ಹುಟ್ಟಿದ ತಾರೀಖು ಅನೇಕವೇಳೆ ಉಪಾಧ್ಯಾಯರ ಊಹೆ. ಪುತ್ತೂರು ಸೀಮೆಯಲ್ಲಿ ಮನುಷ್ಯನು ಹೆಸರಿಗಿಂತ ಮನೆಯ ಹೆಸರಿನಿಂದಲೇ ಪ್ರಸಿದ್ಧ. ಪುಸ್ತಕದಲ್ಲಿ ಅದಿಲ್ಲದಿದ್ದರೆ ಹತ್ತು ಮಂದಿ ಸುಬ್ಬಣ್ಣರಲ್ಲಿ ಬೇಕಾದವನು ಯಾವನೆಂದು ನಿಶ್ಚಯಿಸುವುದು ಕಷ್ಟ. ಹೆಣ್ಣುಮಕ್ಕಳ ಮಾತಂತೂ ಇನ್ನೂ ಕಠಿನ. ಹೈಸ್ಕೂಲಿನ ತರಗತಿಗಳಲ್ಲಿ ಅವರು ಇದ್ದುದೇ ಕೆಲವರು. ವಿವಾಹದೊಡನೆ ಅವರ ಊರು ಬದಲಾಯಿತು, ಮನೆಯ ಹೆಸರು ಬದಲಾಯಿತು, ಕೆಲವರ ಸ್ವಂತ ಹೆಸರೂ ಬದಲಾಯಿತು. ಅವರನ್ನು ಕಾಣಬೇಕಾದರೆ ತವರುಮನೆಯ ಮೂಲಕವೇ ಕೇಳುತ್ತ ಹೋಗಬೇಕು.

ಆದಕಾರಣ ಪುಸ್ತಕದ ಜತೆಗೆ ಜನರ ನಾಲಗೆಯೂ ಬೇಕು. ಏಪ್ರಿಲ್ ತಿಂಗಳಿನಲ್ಲಿ ನಡೆಯುವ ಪುತ್ತೂರು ಮಹಾಲಿಂಗೇಶ್ವರನ ಜಾತ್ರೆ, ಮಾರ್ಗಶಿರದಲ್ಲಿ ಕುಕ್ಕೆ ಸುಬ್ರಹ್ಮಣ್ಯದ ಚಂಪಾಷಷ್ಠಿ, ಇವು ಹೊರಗೆ ಹೋದವರೂ ಊರಿಗೆ ಬರುವ ದಿನಗಳು. ತೇರಿನ ಬೀದಿಯಲ್ಲಿ ಒಬ್ಬ ಮುದುಕನು ಮತ್ತೊಬ್ಬ ಮುದುಕನ ಭುಜವನ್ನು ಹಿಡಿದು ನಿಲ್ಲಿಸಿ ಕೇಳುವ ಮೂರು ಪ್ರಶ್ನೆಗಳಿಂದ ತಿಳಿಯುವಷ್ಟು ವಿಷಯವು ಕಚೇರಿಯ ಮೂರು ಕಪಾಟುಗಳಲ್ಲಿ ಸಿಕ್ಕದು. ಸಹಕಾರ ಸಂಘಗಳ ಸದಸ್ಯರ ಪುಸ್ತಕಗಳೂ ಇಂಥ ಕಾರ್ಯಕ್ಕೆ ಒದಗತಕ್ಕವೇ.

ಇಷ್ಟಾದರೂ ಒಂದು ದೊಡ್ಡ ದೋಷ ಉಳಿದುಕೊಳ್ಳುತ್ತದೆ. ದಾಖಲಾತಿಪುಸ್ತಕವು ಬೆಂಚಿನ ಮೇಲೆ ಕುಳಿತವರನ್ನು ಮಾತ್ರ ಬಲ್ಲದು. ಅದೇ ವಯಸ್ಸಿನ, ಅದೇ ಊರಿನ, ಬೆಂಚನ್ನೇ ಕಾಣದವರ ಗತಿಯೇನು? ಇದಕ್ಕೆ ಉತ್ತರವನ್ನು ಅದೇ ಸೀಮೆಯ ಒಬ್ಬ ವಿದ್ಯಾರ್ಥಿಯು ಕೊಟ್ಟಿದ್ದಾನೆ. 1924ರಲ್ಲಿ, ಈಗಿನ ಕಡಬ ತಾಲೂಕಿಗೆ ಸೇರಿದ ಕುಳಕುಂದದಲ್ಲಿ ಹುಟ್ಟಿದ ಶಿವರಾಯನೆಂಬ ಬಾಲಕನು ಸುಳ್ಯದಲ್ಲಿ ಓದಿ, ಹೈಸ್ಕೂಲಿಗಾಗಿ ಕಾಸರಗೋಡು ತಾಲೂಕಿನ ನೀಲೇಶ್ವರಕ್ಕೆ ಹೋಗಿ ಅಲ್ಲಿಯ ರಾಜಾಸ್ ಹೈಸ್ಕೂಲನ್ನು ಸೇರಿದನು. ಮುಂದೆ ನಿರಂಜನರೆಂದು ಕನ್ನಡನಾಡಿಗೆಲ್ಲ ಪರಿಚಿತರಾದವರು ಇವರೇ. ನೀಲೇಶ್ವರದ ಸಮೀಪದ ಕಯ್ಯೂರಿನಲ್ಲಿ ರೈತರಿಗೂ ಜಮೀನ್ದಾರರಿಗೂ ವಿವಾದ ಬೆಳೆದು, 1941ರ ಮಾರ್ಚ್ 28ರಂದು ಮೆರವಣಿಗೆಯ ಗದ್ದಲದಲ್ಲಿ ಪೊಲೀಸಿನವನೊಬ್ಬನು ಹೊಳೆಯಲ್ಲಿ ಸತ್ತನು. ಮಂಗಳೂರಿನಲ್ಲಿ ವಿಚಾರಣೆ ನಡೆದು, 1943ರ ಮಾರ್ಚ್ 29ರಂದು ಅಪ್ಪು, ಚಿರುಕಂಡ, ಕುಂಞಂಬು ನಾಯರ್, ಅಬೂಬಕ್ಕರ್ ಎಂಬ ನಾಲ್ವರು ರೈತತರುಣರನ್ನು ಕಣ್ಣಾನೂರಿನ ಸೆರೆಮನೆಯಲ್ಲಿ ಗಲ್ಲಿಗೇರಿಸಲಾಯಿತು. ಅದೇ ಮೊಕದ್ದಮೆಯಲ್ಲಿದ್ದ ಇನ್ನೊಬ್ಬನು ಎಳೆಯ ಪ್ರಾಯದವನೆಂಬ ಕಾರಣದಿಂದ ಗಲ್ಲಿನಿಂದ ಪಾರಾದನು.

ನಿರಂಜನರು ಅವರನ್ನು ಮರೆಯಲಿಲ್ಲ. ಹನ್ನೆರಡು ವರ್ಷಗಳ ತರುವಾಯ, 1955ರಲ್ಲಿ, ‘ಚಿರಸ್ಮರಣೆ’ಯೆಂಬ ಕಾದಂಬರಿಯನ್ನು ಬರೆದು ಅವರ ಹೆಸರು ಉಳಿಯುವಂತೆ ಮಾಡಿದರು. ಹಿಂದೆ ಹೇಳಿದ 1837ರ ದಂಗೆಯ ಕಥೆಯನ್ನೂ ‘ಕಲ್ಯಾಣಸ್ವಾಮಿ’ಯಲ್ಲಿ ಬರೆದವರು ಇವರೇ. ಗಲ್ಲಿಗೇರಿದವರ ರಾಜಕೀಯಮತವನ್ನು ಒಪ್ಪುವುದೂ ಬಿಡುವುದೂ ಅವರವರ ವಿವೇಕಕ್ಕೆ ಬಿಟ್ಟ ಮಾತು. ಇಲ್ಲಿ ಗಮನಿಸತಕ್ಕದ್ದು ಇಷ್ಟೆ: ಯುದ್ಧಕಾಲದ ಹೈಸ್ಕೂಲಿನ ಹುಡುಗನೊಬ್ಬನು ತನ್ನ ಕಾಲದ ಲೆಕ್ಕವನ್ನಿಡುವಾಗ, ಶಾಲೆಯ ಹಾಜರಿಪಟ್ಟಿಯಲ್ಲಿ ಇಲ್ಲದವರನ್ನು ಮೊದಲು ಬರೆದುಕೊಂಡನು.

ಶರಣಪರಂಪರೆಗೆ ಇದು ಹೊಸ ಪಾಠವೇನೂ ಅಲ್ಲ. ಕಲ್ಯಾಣದ ಶರಣರ ಹೆಸರುಗಳನ್ನು ಸ್ಮರಿಸಿಕೊಳ್ಳಿರಿ. ಮಡಿವಾಳ ಮಾಚಯ್ಯ, ಅಂಬಿಗರ ಚೌಡಯ್ಯ, ನುಲಿಯ ಚಂದಯ್ಯ, ಆಯ್ದಕ್ಕಿ ಲಕ್ಕಮ್ಮ. ಕಾಯಕವು ಹೆಸರಿಗೆ ಅಂಟಿಕೊಂಡೇ ಬಂದಿದೆ. ಮಂತ್ರಿಯ ಪದವಿಯಲ್ಲಿದ್ದ ಬಸವಣ್ಣನವರ ಪಕ್ಕದಲ್ಲಿಯೇ ಹುರಿ ಹೊಸೆಯುವವನೂ ಅಕ್ಕಿ ಆಯುವವಳೂ ನಿಂತಿದ್ದಾರೆ. ಎಂಟುನೂರು ವರ್ಷಗಳಾದರೂ ಆ ಲೆಕ್ಕ ಅಳಿಸಿಲ್ಲ. ದೊಡ್ಡವರ ಹೆಸರುಗಳನ್ನು ಮಾತ್ರ ಬರೆದಿದ್ದರೆ ಅದು ಅರಮನೆಯ ಶಾಸನವಾಗುತ್ತಿತ್ತು, ಶರಣರ ಚರಿತ್ರೆಯಾಗುತ್ತಿರಲಿಲ್ಲ.

ಈಗ ಶ್ರೀಮಠಕ್ಕೆ ಸಂಬಂಧಿಸಿದ ಮಾತು. ಯುದ್ಧಕಾಲದ ಅಭಾವದಲ್ಲಿಯೂ ನಾಡಿನ ಮಠಗಳು ಪ್ರಸಾದನಿಲಯಗಳ ಒಲೆಯನ್ನು ಆರಿಸಲಿಲ್ಲ. ಸಿದ್ಧಗಂಗೆಯ ಶ್ರೀ ಶಿವಕುಮಾರ ಸ್ವಾಮಿಗಳವರು ಮಠದ ಭಾರವನ್ನು ಹೊತ್ತುದು 1941ರಲ್ಲಿ; 2019ರಲ್ಲಿ ಲಿಂಗೈಕ್ಯರಾಗುವ ವರೆಗೆ ಅವರು ಆ ದಾಸೋಹವನ್ನು ನಡೆಸಿದರು. ಇಂಥ ನಿಲಯಗಳಲ್ಲಿ ಉಂಡು ಓದಿದವರಲ್ಲಿ ಅಧಿಕಾರಿಗಳೂ ಮಂತ್ರಿಗಳೂ ಆದವರ ಭಾವಚಿತ್ರಗಳು ಸ್ಮರಣಸಂಪುಟಗಳಲ್ಲಿ ಅಚ್ಚಾಗುತ್ತಲೇ ಇವೆ, ಅದು ಯೋಗ್ಯವೇ. ಆದರೆ ಎರಡು ವರ್ಷ ಉಂಡು, ತಂದೆ ತೀರಿಕೊಂಡುದರಿಂದ ಓದನ್ನು ಬಿಟ್ಟು ನೇಗಿಲು ಹಿಡಿದವನೂ ಅದೇ ಪಂಕ್ತಿಯವನಲ್ಲವೆ? ಪರೀಕ್ಷೆಯಲ್ಲಿ ಸೋತು, ಲಜ್ಜೆಯಿಂದ ಮತ್ತೆ ಮಠದ ಕಡೆಗೆ ಮುಖಮಾಡದವನು ಎಲ್ಲಿದ್ದಾನೆಂದು ಯಾರು ಕೇಳಿದ್ದಾರೆ? ದಾಸೋಹದಲ್ಲಿ ಎಲೆ ಹಾಕುವಾಗ ಇವನು ಮುಂದೆ ದೊಡ್ಡವನಾಗುವನೋ ಇಲ್ಲವೋ ಎಂದು ನೋಡಲಿಲ್ಲ. ನೆನೆಯುವಾಗ ಮಾತ್ರ ಏಕೆ ನೋಡಬೇಕು?

ಕಾಲವು ಬಹಳ ಉಳಿದಿಲ್ಲ. 1945ರಲ್ಲಿ ಹದಿನಾರು ವಯಸ್ಸಿನವರಾಗಿದ್ದವರು ಈಗ ತೊಂಬತ್ತೈದನ್ನು ದಾಟಿದ್ದಾರೆ. ಪುತ್ತೂರಿನಲ್ಲಾಗಲಿ, ಸುಳ್ಯದಲ್ಲಾಗಲಿ, ಈ ಊರಿನಲ್ಲಾಗಲಿ, ಆ ತಲೆಮಾರಿನವರು ಉಳಿದಿರುವುದು ಅತ್ಯಲ್ಪ. ಅಂಥ ಒಬ್ಬರು ತೀರಿಕೊಂಡರೆ ಅವರೊಬ್ಬರೇ ಹೋಗುವುದಿಲ್ಲ. ಅವರಿಗೆ ಮಾತ್ರ ನೆನಪಿದ್ದ ಇಪ್ಪತ್ತು ಮಂದಿ ಸಹಪಾಠಿಗಳೂ ಅವರೊಡನೆ ಎರಡನೆಯ ಸಾರಿ ಸಾಯುತ್ತಾರೆ.

ವಿದ್ಯಾರ್ಥಿಗಳೇ, ಈ ಕಾರ್ಯಕ್ಕೆ ಧನವೂ ಬೇಡ, ಪಾಂಡಿತ್ಯವೂ ಬೇಡ. ಒಂದು ಗಟ್ಟಿಯಾದ ಪುಸ್ತಕ ಸಾಕು. ಪ್ರಸಾದನಿಲಯದ ಹಳೆಯ ಪಟ್ಟಿಯಿಂದ ಒಂದೊಂದು ಪುಟಕ್ಕೆ ಒಂದೊಂದು ಹೆಸರನ್ನು ಇಳಿಸಿಕೊಳ್ಳಿರಿ. ಯಾವ ಹಳ್ಳಿ, ಯಾವ ಮನೆ, ಮುಂದೆ ಯಾವ ಕಾಯಕ, ಎಷ್ಟು ಕಾಲ ಬದುಕಿದರು, ಈ ಸಂಗತಿಯನ್ನು ಯಾರು ಯಾವ ದಿನ ಹೇಳಿದರು ಎಂಬುದನ್ನು ಬರೆಯಿರಿ. ಪಾಸಾದವರಿಗೆ ಒಂದು ಪುಸ್ತಕ, ಬಿಟ್ಟುಹೋದವರಿಗೆ ಇನ್ನೊಂದು ಎಂಬ ಭೇದ ಬೇಡ. ಸುದ್ದಿ ಸಿಕ್ಕದವರ ಪುಟವನ್ನು ಹರಿಯದೆ ಬಿಳಿಯಾಗಿಯೇ ಬಿಟ್ಟಿರಿ. ಆ ಬಿಳಿಯ ಪುಟವೇ ಮುಂದೆ ಬರುವವರನ್ನು ಕೇಳುತ್ತಿರುತ್ತದೆ. ಊರಿಗೆ ಹೋದಾಗ ನಿಮ್ಮ ಅಜ್ಜಂದಿರ ಪಕ್ಕದಲ್ಲಿ ಕುಳಿತು, ಬೆಂಚಿನಲ್ಲಿ ಅವರ ಎಡಗಡೆ ಯಾರಿದ್ದರು, ಬಲಗಡೆ ಯಾರಿದ್ದರು ಎಂದು ಕೇಳಿರಿ.

ಮುಂದಿನ ಮಹೋತ್ಸವದಲ್ಲಿ ಶ್ರೀಮಠದ ಕಟ್ಟಡಗಳ ಎಣಿಕೆಯ ಜತೆಗೆ ಆ ಪುಸ್ತಕವೂ ಸಭೆಯ ಮುಂದೆ ಇರುವಂತಾಗಲಿ. ಪಂಕ್ತಿಯಲ್ಲಿ ಕುಳಿತಿದ್ದ ಒಬ್ಬನ ಹೆಸರೂ ಕರೆಯದೆ ಉಳಿಯದಿರಲಿ.