ಬಂಡೂರು ಕುರಿಯ ಹೊಟ್ಟೆಯೂ ಕಣದ ರಾಗಿಯೂ



ಮಳವಳ್ಳಿ ಸೀಮೆಯ ಬಂಡೂರು ಕುರಿಯು ಗಿಡ್ಡ ಕಾಲು, ತುಂಬಿದ ಮೈ, ಮೃದುವಾದ ಮಾಂಸಗಳಿಗೆ ಹೆಸರಾದುದು. ಇಂತಹ ಟಗರನ್ನು ಬೇಗನೆ ಕೊಬ್ಬಿಸುವ ಆತುರದಿಂದ ಒಮ್ಮೆಗೇ ಮೊರತುಂಬ ಧಾನ್ಯವನ್ನು ಸುರಿಯುವವರುಂಟು. ಸುಗ್ಗಿಯಲ್ಲಿ ಕಾವಲಿಲ್ಲದ ಕಣಕ್ಕೆ ಕುರಿಯು ತಾನೇ ನುಗ್ಗುವುದೂ ಉಂಟು. ಮರುದಿನ ಅದು ಸತ್ತರೆ ದೃಷ್ಟಿಯನ್ನೋ ನೆರೆಯವರನ್ನೋ ದೂರುವರು, ಕಾರಣವಿರುವುದು ಹೊಟ್ಟೆಯೊಳಗೆ.

ಹಂದಿಗೆ ಮನುಷ್ಯನಂತೆ ಒಂದೇ ಜಠರ; ಕಾಳನ್ನು ಅದು ಸುಲಭವಾಗಿ ಅರಗಿಸುವುದು. ಕುರಿಯ ಹೊಟ್ಟೆಯಲ್ಲಾದರೋ 4 ಚೀಲಗಳಿವೆ. ಮೊದಲನೆಯದೇ ಎಲ್ಲಕ್ಕಿಂತ ದೊಡ್ಡದು. ಅವಸರವಾಗಿ ನುಂಗಿದ ಹುಲ್ಲು ಅಲ್ಲಿ ನೆನೆಯುವುದು. ಕಣ್ಣಿಗೆ ಕಾಣದ ಅಸಂಖ್ಯ ಸೂಕ್ಷ್ಮಜೀವಿಗಳು ಅದನ್ನು ಹುದುಗಿಸಿ ಕುರಿಗೆ ಆಹಾರವಾಗಿಸುವುವು. ಎರಡನೆಯದರ ಒಳಮೈ ಜೇನುಗೂಡಿನಂತೆ. ಈ ಎರಡು ಚೀಲಗಳಿಂದಲೇ ಮೇವು ಮೆಲುಕಿಗಾಗಿ ಬಾಯಿಗೆ ಮರಳುವುದು. ಮೂರನೆಯದು ಪುಸ್ತಕದ ಹಾಳೆಗಳಂತಹ ಮಡಿಕೆಗಳಿಂದ ನೀರನ್ನು ಹೀರುವುದು. ನಾಲ್ಕನೆಯದೊಂದೇ ಹಂದಿಯ ಜಠರಕ್ಕೆ ಸಮಾನ. ಮರಿಯು ಕುಡಿದ ಹಾಲು ನೇರವಾಗಿ ಇದಕ್ಕೇ ಇಳಿಯುವುದು.

ಕಾಳು ಒಮ್ಮೆಗೇ ಬಿದ್ದರೆ ಮೊದಲ ಚೀಲದಲ್ಲಿ ಹುಳಿಯೇರಿ, ಹುಲ್ಲನ್ನು ಅರಗಿಸುವ ಜೀವಿಗಳು ನಾಶವಾಗುವುವು. ಮೈಯ ನೀರೆಲ್ಲ ಹೊಟ್ಟೆಗೆ ಸೆಳೆಯಲ್ಪಡುವುದು. ಕುರಿಯು ಮೆಲುಕು ನಿಲ್ಲಿಸಿ, ಹಲ್ಲು ಕಡಿದು, ತೂರಾಡಿ ಮಲಗುವುದು. ಆಗ ನಾಟಿಮದ್ದಿನಲ್ಲಿ ಹೊತ್ತು ಕಳೆಯದೆ ಪಶುವೈದ್ಯರನ್ನು ಕರೆಸತಕ್ಕದ್ದು. ಒಂದೆರಡು ದಿನಗಳಲ್ಲೇ ಪ್ರಾಣ ಹೋಗಬಹುದು.

ಟಗರಿಗೆ ಕಾಳು ತಿನ್ನಿಸಬಾರದೆಂದಲ್ಲ. ಒಂದು ಹಿಡಿಯಿಂದ ಆರಂಭಿಸಿ ಎರಡು ಮೂರು ವಾರಗಳಲ್ಲಿ ಮೆಲ್ಲಮೆಲ್ಲನೆ ಏರಿಸಬೇಕು. ಮೊದಲು ಹುಲ್ಲು, ಬಳಿಕ ಕಾಳು. ರಾಶಿಯನ್ನು ಮನೆಗೆ ಸಾಗಿಸುವವರೆಗೆ ಕಣಕ್ಕೆ ಬೇಲಿಯಿರಲಿ. ತೆನೆ ಉದುರಿದ ಹೊಲಕ್ಕೆ ಹಸಿದ ಮಂದೆಯನ್ನು ಬಿಡಬಾರದು.